ಕೋಟಿನ ಅಳತೆ

ಕೋಟಿನ ಒಳಬಟ್ಟೆಗೆ ಕೈಹೊಲಿಗೆ ಹಾಕುತ್ತ ಅವಳು ಕಂಕುಳ ಹತ್ತಿರ ಬಂದಿದ್ದಳು. ಅಲ್ಲಿ ಬಟ್ಟೆಯನ್ನು ಸ್ವಲ್ಪ ಸಡಿಲ ಬಿಡಬೇಕು. ಇಲ್ಲದಿದ್ದರೆ ಹಾಕಿಕೊಂಡವರು ಕೈ ಎತ್ತಿದಾಗಲೆಲ್ಲ ಇಡೀ ಕೋಟು ಜೊತೆಗೇ ಏಳುತ್ತದೆ. ದಾರ ಮುಗಿಯಿತು. ಹೊಸ ದಾರ ಪೋಣಿಸಲು ನೋಡಿದರೆ ಸೂಜಿಯ ಕಣ್ಣೇ ಸಿಗಲಿಲ್ಲ. ಅವಳ ರೆಪ್ಪೆ ಇನ್ನೂ ಊದಿಕೊಂಡಿತ್ತು.

"ಕೊಡಿ ಇಲ್ಲಿ," ಎಂದು ಎದುರಂಗಡಿಯವಳು ಸೂಜಿ ಕಸಿದುಕೊಂಡಳು. ಗುಂಡಿ, ಜಿಪ್ಪು, ಲೇಸು ಮಾರುವ ಅವಳು ಬೀದಿಗೆಲ್ಲ ಗುಂಡಿಯಕ್ಕ. ನಿನ್ನೆ ಮಧ್ಯಾಹ್ನ ಇಬ್ಬರೂ ಜೊತೆಯಲ್ಲೇ ಸಿನಿಮಾಕ್ಕೆ ಹೋಗಿದ್ದರು. "ನೀವು ಅತ್ತಿದ್ದು ನೋಡಿ ಪಕ್ಕದ ಸೀಟಿನವನು ಪಾಪ, ತನ್ನ ಕರ್ಚೀಫೇ ಕೊಟ್ಟುಬಿಟ್ಟ. ವಾಪಸಾದರೂ ಕೊಟ್ಟ್ರಾ?"

"ಒಗೆದು ಇಟ್ಟಿದೀನಿ. ಯಾರಿಗೆ ಅಂತ ಕೊಡ್ಲಿ?"

ಕತ್ತರಿಸುವ ಮೇಜಿನ ಹತ್ತಿರ ನಿಂತಿದ್ದ ಅವಳ ಗಂಡ ತಲೆ ಎತ್ತದೆ ನಕ್ಕ. "ಮನೆಗೆ ಬಂದ ಮೇಲೂ ನಿಲ್ಲಲಿಲ್ಲ ಕಣಮ್ಮ. ಯಾರು ಸತ್ತರು ಅಂತ ಗಾಬರಿಯಾಗಿ ಕೇಳಿದೆ. ಇಬ್ಬರೂ ಅಂದ್ಲು."

"ಅಂಥ ಪ್ರೀತಿ ಎಲ್ಲ ಸಿನಿಮಾದಲ್ಲೇ ಬಿಡಿ," ಎಂದಳು ಗುಂಡಿಯಕ್ಕ. "ಮನೆಮಠ ಬಿಟ್ಟು, ಅಪ್ಪ ಅಮ್ಮನ್ನ ಬಿಟ್ಟು, ನಿಜವಾಗ್ಲೂ ಯಾರು ಹೋಗ್ತಾರೆ? ನಮ್ಮ ನಿಮ್ಮಂಥೋರ ಕಥೆ ಯಾರಾದ್ರೂ ಸಿನಿಮಾ ಮಾಡ್ತಾರಾ? ನೀವಿಬ್ಬರೂ ದಿನಾ ಕತ್ತರಿಗೆ ಜಗಳ ಆಡೋದನ್ನ?"

"ಮಾಡಿದ್ರೆ ಇಂಟರ್‌ವಲ್ ತನಕ ಕತ್ತರಿ ಹುಡುಕೋದೇ ಆಗುತ್ತೆ," ಎಂದ ಅವನು.

ಗುಂಡಿಯಕ್ಕ ನಗುತ್ತಲೇ ದಾರ ಪೋಣಿಸಿ ಕೊಟ್ಟು ತನ್ನ ಅಂಗಡಿಗೆ ಹೋದಳು. ಇವಳು ಹೊಲಿಗೆ ಮುಂದುವರಿಸಿದಳು. ತಮ್ಮ ಮದುವೆ ಹೇಗಾಯಿತೆಂದು ಈ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಟ್ಟದ್ದೇನೂ ಅಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೇ. ಗಂಡನ ಮನೆಯ ಪ್ರಾರ್ಥನೆ ಬೇರೆ, ಇವಳ ಮನೆಯದು ಬೇರೆ. ಎರಡೂ ಮನೆಯ ಬಾಗಿಲು ಒಂದೇ ದಿನ ಮುಚ್ಚಿದ್ದವು.

ಸಿನಿಮಾದಲ್ಲಿ ದೊಡ್ಡ ಮನೆಯ ಹುಡುಗಿ, ಗೋಡೆಗೆ ಸುಣ್ಣ ಬಳಿಯಲು ಬಂದ ಹುಡುಗ. ಕೊನೆಯಲ್ಲಿ ಇಬ್ಬರೂ ನೀರಿನ ಪಾಲು. ಥಿಯೇಟರಿನಲ್ಲಿ ಎಲ್ಲರೂ ಅತ್ತದ್ದು ಆಗ. ಅವಳು ಅದಕ್ಕೂ ಬಹಳ ಮೊದಲೇ ಅಳಲು ಶುರುಮಾಡಿದ್ದಳು. ತುಂಬಿದ ಪಡಸಾಲೆಯಲ್ಲಿ ಹಿರಿಯರೆಲ್ಲ ಸುತ್ತ ನಿಂತು, "ಯಾರವನು?" ಎಂದು ಕೇಳುತ್ತಾರೆ. ಹುಡುಗಿ ತಲೆ ತಗ್ಗಿಸುವುದಿಲ್ಲ. "ನನ್ನವನು" ಎನ್ನುತ್ತಾಳೆ. ಜನ ಚಪ್ಪಾಳೆ ತಟ್ಟಿದರು. ಕತ್ತಲಲ್ಲಿ ಕೂತಿದ್ದ ಅವಳ ಎದೆ ಉಬ್ಬಿಬಂತು. ಆ ಮಾತು ತಾನೂ ಆಡಿದ್ದಳು. ಅಡುಗೆಮನೆಯ ಬಾಗಿಲಲ್ಲಿ, ಹಿಟ್ಟಿನ ಕೈಯಲ್ಲೇ, ಅಪ್ಪನ ಮುಖ ನೋಡಿಕೊಂಡು. ಆಗ ಚಪ್ಪಾಳೆ ಬಿದ್ದಿರಲಿಲ್ಲ. ತಾವು ಸಾಯಲೂ ಇಲ್ಲ. ಒಂದು ಕೋಣೆ ಹಿಡಿದು, ಶಾಲೆಯ ಸಮವಸ್ತ್ರ ಹೊಲಿದು, ಒಂದು ಮಷೀನು ಇದ್ದದ್ದನ್ನು ಮೂರು ಮಾಡಿದರು. ಬೀದಿಯ ಅರ್ಧ ಹುಡುಗಿಯರು ಇವಳ ಹತ್ತಿರವೇ ಮಡಿಕೆ ಹೊಲಿಯಲು ಕಲಿತದ್ದು. ಬದುಕಿ ತೋರಿಸುವುದೇನು ಸಣ್ಣ ಕೆಲಸವೇ ಎಂದು ಅವಳಿಗೆ ಅನ್ನಿಸಿತು. ಹಾಗನ್ನಿಸಿದ ಉಸಿರಿನಲ್ಲೇ ಹೋದ ವಾರದ್ದು ನೆನಪಾಗಿ, ಅಳು ಕೈಮೀರಿಹೋಯಿತು.

ಹೋದ ವಾರ ಅಣ್ಣ ಬಂದಿದ್ದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಮಗಳ ಮದುವೆಗೆ ತಂಗಿಯ ಕೈಯಲ್ಲೇ ಕೋಟು ಹೊಲಿಸಬೇಕು ಎಂದು ಬಟ್ಟೆ ತಂದಿದ್ದ. ಬಾಗಿಲಲ್ಲಿ ಅವನನ್ನು ಕಂಡಕೂಡಲೇ ಗಂಡ ಯಾರೂ ಹೇಳದೆ ಟ್ರಯಲ್ ರೂಮಿನ ಪರದೆಯ ಹಿಂದೆ ಸರಿದುಕೊಂಡ. ಅವಳು ತಡೆಯಲಿಲ್ಲ. ಟೇಪು ತೆಗೆದುಕೊಂಡು ಅಣ್ಣನ ಎದೆಯ ಸುತ್ತ ಹಿಡಿದಳು. ಈ ಅಂಗಡಿಯಲ್ಲಿ ಅವಳು ಅಳತೆ ಕೂಗಬೇಕು, ಗಂಡ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ನಾಲಿಗೆಗೆ ಅದೇ ರೂಢಿ.

"ಎದೆ, ನಲವತ್ತೆರಡು," ಎಂದು ಕೂಗಿಬಿಟ್ಟಳು.

"ಹೂಂ," ಎಂದಿತು ಪರದೆ.

ಟೇಪಿನ ಒಳಗೆ ಅಣ್ಣನ ಉಸಿರು ನಿಂತದ್ದು ಅವಳ ಬೆರಳಿಗೆ ತಿಳಿಯಿತು. ಆದರೆ ಶುರುಮಾಡಿ ಆಗಿತ್ತು. ತೋಳು ಕೂಗಿದಳು, ಹೂಂ. ಬೆನ್ನು ಕೂಗಿದಳು, ಹೂಂ. ಮೂವರೂ ಏನೂ ಆಗಿಲ್ಲವೆಂಬಂತೆ ಕೊನೆಯವರೆಗೂ ನಡೆಸಿದರು.

"ಮದುವೆಗೆ ಬಾ ಪುಟ್ಟೀ," ಎಂದ ಅಣ್ಣ ಹೊರಡುವಾಗ, ಪರದೆಯ ಕಡೆ ನೋಡದೆ. "ನೀನೊಬ್ಬಳೇ ಬಾ. ಅರ್ಥ ಮಾಡ್ಕೋ."

ಅವಳು ಆಗಲಿ ಎಂದು ತಲೆಯಾಡಿಸಿದ್ದಳು.

ಗಂಡ ಹೊರಗೆ ಬಂದ. ಅಂಗೈ ತುಂಬ ಅಂಕಿಗಳು. "ಕುತ್ತಿಗೆ ಹೇಳಲೇ ಇಲ್ಲ ನೀನು," ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, "ಹೋಗಿ ಬಾ. ತೆರೆದಿರೋ ಬಾಗಿಲು ಮತ್ತೆ ಮುಚ್ಚೋದು ಬೇಡ," ಎಂದ. ಆ ಮಾತು ಅಷ್ಟಕ್ಕೇ ನಿಂತಿತ್ತು.

ಈಗ ಅವಳು ಕೊನೆಯ ಹೊಲಿಗೆಗೆ ಗಂಟು ಹಾಕಿ ದಾರ ಕಚ್ಚಿದಳು. ಅಣ್ಣನ ಕೋಟನ್ನು ಒದರಿ ಹ್ಯಾಂಗರಿಗೆ ಹಾಕಿದಳು. ಚೆನ್ನಾಗಿ ಕೂತಿತ್ತು. ಹೆಗಲ ಮೇಲೆ ಒಂದು ಸುಕ್ಕಿಲ್ಲ, ಗಂಡನ ಕತ್ತರಿಯ ಕೆಲಸವೇ ಹಾಗೆ. ಮದುವೆಗೆ ಇನ್ನೂ ದಿನಗಳಿದ್ದವು. ಇನ್ನೊಂದು ಕೋಟು ಆಗಲು ಸಾಕು.

ಅವಳು ಕುರ್ಚಿ ಎಳೆದು ಹತ್ತಿ ಮೇಲಿನ ಕಪಾಟಿನಿಂದ ಕಡುನೀಲಿ ಉಣ್ಣೆಬಟ್ಟೆ ಇಳಿಸಿದಳು. ಯಾವುದಾದರೂ ಒಳ್ಳೆಯದಕ್ಕಿರಲಿ ಎಂದು ತೆಗೆದಿಟ್ಟ ಬಟ್ಟೆ. ಮೇಜಿನ ಮೇಲೆ ಗಂಡನೆದುರಿಗೆ ಹರಡಿದಳು.

"ಯಾರದು ಇದು?"

"ಒಬ್ಬರದು. ಮದುವೆಗೆ ಬೇಕು. ಗುರುತು ಹಾಕ್ಕೊಳ್ರಿ."

"ಆಳು ಬರೋದು ಬೇಡ್ವಾ?"

"ಅಳತೆ ನಂಗೆ ಗೊತ್ತು."

ಟೇಪು ಕೊರಳಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಎದೆ, ಸೊಂಟ, ತೋಳು ಎಂದು ಒಂದೊಂದಾಗಿ ಹೇಳಿದಳು. "ಎಡಭುಜ ಬಲಕ್ಕಿಂತ ಒಂಚೂರು ಇಳಿದಿದೆ. ಅಲ್ಲಿ ಒಳಗೆ ಒಂದು ಪದರ ಜಾಸ್ತಿ ಇಡಬೇಕು."

"ನಮ್ಮ ಕಸುಬಿನವನೇ ಇರ್ಬೇಕು ಪಾಪ," ಎಂದ ಅವನು ಬಟ್ಟೆಯ ಮೇಲೆ ಬಗ್ಗಿಕೊಂಡೇ. "ಒಂದೇ ಕಡೆ ವಾಲಿ ವಾಲಿ ಹಾಗಾಗುತ್ತೆ."

"ಇರಬಹುದು."

ಅವನು ಕಾಲರಿನ ಗೆರೆ ಎಳೆಯತೊಡಗಿದ. ಅವಳು ಮೇಜಿನ ಆಚೆ ಬದಿಗೆ ಹೋಗಿ, ಬಟ್ಟೆ ಜಾರದಂತೆ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು.