ಇಲಿ ಕಡಿದ ಲೆನ್ಸು

ಹಗುರವಾದೊಂದು ಹಳೇ ಜೂಮ್ ಲೆನ್ಸಿಗಾಗಿ ಫೋಟೋದವಳು ಅಂಗಡಿ ಅಂಗಡಿ ಅಲೆದು ಚಪ್ಪಲಿ ಸವೆಸಿದ್ದಳು. ಹಿಂದೆ ಅವಳ ಹತ್ತಿರವೇ ಅಂಥದ್ದೊಂದಿತ್ತು. ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡು, ಉಳಿದ ಒಂದೇ ಕೈಯಲ್ಲಿ ಕ್ಲಿಕ್ಕಿಸುವಷ್ಟು ಹಗುರ. ಅಕ್ಕನ ಗಂಡ ಪ್ರವಾಸಕ್ಕೆಂದು ಕೇಳಿ ಒಯ್ದವನು ಬರಿಗೈಯಲ್ಲಿ ಬಂದು, "ದೇವರಾಣೆ ಕಣಮ್ಮ, ದೋಣಿಯಿಂದ ನೀರಿಗೆ ಬಿದ್ದೋಯ್ತು" ಎಂದಿದ್ದ. ಅಂದಿನಿಂದ ಗುಂಡುಕಲ್ಲಿನಂಥ ಲೆನ್ಸು ಹೊತ್ತೂ ಹೊತ್ತೂ ಅವಳ ಮಣಿಕಟ್ಟು ಕೆಟ್ಟುಹೋಯಿತು. ಊಟಕ್ಕೆ ಕೂತಾಗ ಅವನದೇ ಕುಹಕ ಬೇರೆ: "ಇವಳ ಕೈಗೆ ನೀರಿನ ಲೋಟಾನೂ ಭಾರ!"

ಕೊನೆಗೊಂದು ಸಂದಿಯ ಅಂಗಡಿಯಲ್ಲಿ, "ಇದು ನೋಡಿ, ಹೂವು ಹಿಡಿದ ಹಾಗಿರತ್ತೆ" ಎಂದು ಅಂಗಡಿಯವನು ಒಂದನ್ನು ಅವಳ ಅಂಗೈಯಲ್ಲಿಟ್ಟ. ಗಾಜಿಗೆ ಬೂಷ್ಟು ಹಿಡಿದಿದೆಯೇ ಎಂದು ಬೆಳಕಿಗೊಡ್ಡಿ, ಉಂಗುರ ತಿರುಗಿಸಿದಳು. ರಬ್ಬರಿನ ಮೇಲಿನ ಸಣ್ಣ ಗುಳಿಗಳು ಬೆರಳಿಗೆ ಸಿಕ್ಕವು. ಮೇಲೆರಡು, ಕೆಳಗೆರಡು. ಹಾಲುಹಲ್ಲು ಬರುವಾಗ ಮಗಳು ಕಚ್ಚಿದ್ದ ಗುರುತು.

"ಅದಾ? ಇಲಿ ಕಡಿದಿದ್ದಂತೆ. ಮಾರಿದ ಆಸಾಮಿ ಮಾತಿಗೊಂದು ದೇವರಾಣೆ ಹಾಕ್ತಿದ್ದ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೇಳಿದಷ್ಟು ದುಡ್ಡು ಎಣಿಸಿಕೊಟ್ಟು, ತನ್ನದನ್ನೇ ತಾನು ಕೊಂಡು ಹೊರಬಂದಳು. ಅಕ್ಕನಿಗೆ ಹೇಳಿದರೆ ಅಕ್ಕನ ಸಂಸಾರ ಒಡೆಯುತ್ತದೆ. ಸುಮ್ಮನಿರಲು ತನ್ನಿಂದಾಗದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಾದಳು.

ಅಕ್ಕ-ಭಾವ ಮದುವೆಯಾಗಿ ಇಪ್ಪತ್ತೈದು ವರ್ಷವಾದ ದಿನ ಮನೆ ತುಂಬ ಜನ. ಹೊಸ ಕೋಟು ತೊಟ್ಟ ಭಾವ ಅಕ್ಕನ ಪಕ್ಕ ನಿಂತು, "ಎಲ್ಲಿ, ನಿನ್ನ ಒನಕೆ ತಂದಿದ್ದೀಯೇನೇ?" ಎಂದ. ಎಲ್ಲರೂ ನಕ್ಕರು.

"ಇಲ್ಲ ಭಾವ, ಹಗುರದ್ದೊಂದು ಸಿಕ್ತು."

ಕ್ಯಾಮೆರಾ ಎತ್ತಿ, ಅವನ ಮುಖ ನಿಚ್ಚಳವಾಗುವ ತನಕ ಉಂಗುರ ತಿರುಗಿಸಿದಳು. ಅಕ್ಕ ಚೆಂದಾಗಿ ನಗುತ್ತಿದ್ದಳು.

"ಭಾವ, ಇಲ್ಲಿ ನೋಡಿ. ಈ ರಬ್ಬರು ಇಲಿ ಕಡಿದಿದ್ದಂತೆ. ದೇವರಾಣೆ!"

ಅವನ ಕಣ್ಣು ಲೆನ್ಸಿನ ಮೇಲೆ ನಿಂತಿತು. ನಗು ಇಳಿಯಿತು, ದವಡೆ ಜೋತುಬಿತ್ತು. ಅವಳು ಕ್ಲಿಕ್ಕಿಸಿದಳು.

"ಏ, ಇನ್ನೊಂದು ತೆಗಿಯೇ!"

"ರೀಲು ಮುಗೀತು ಭಾವ."

ಆ ಫೋಟೋವನ್ನು ಬಾಗಿಲಗಲ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಉಡುಗೊರೆ ಕೊಟ್ಟಳು. ಅಕ್ಕ ಅದನ್ನು ಊಟದ ಕೋಣೆಯಲ್ಲಿ, ಅವನು ಕೂರುವ ಜಾಗಕ್ಕೆ ಎದುರಾಗಿಯೇ ತೂಗುಹಾಕಿದಳು. ಬಂದವರೆಲ್ಲ ನೋಡಿ, "ಇದೇನ್ರೀ, ಇಂಗು ತಿಂದ ಮಂಗನ ಹಾಗೆ!" ಎನ್ನುವರು.

"ತೆಗೆದುಹಾಕೇ ಮಾರಾಯ್ತಿ, ನೋಡೋಕಾಗಲ್ಲ" ಎಂದು ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಅವನು ಅಕ್ಕನೆದುರು ಗೋಗರೆದ.

"ಸುಮ್ನಿರಿ. ಹುಟ್ಟಿದ ಮೇಲೆ ನಾನು ಚೆನ್ನಾಗಿ ಬಂದಿರೋದು ಇದೊಂದರಲ್ಲೇ. ನಾನಿರೋ ತನಕ ಇದು ಇಲ್ಲೇ ಇರತ್ತೆ."

ಅವನು ಕೈಯಲ್ಲಿ ತುತ್ತು ಹಿಡಿದುಕೊಂಡೇ ನಾದಿನಿಯತ್ತ ನೋಡಿದ. ಅವಳು ನೀರಿನ ಲೋಟವನ್ನು ಎತ್ತಿ ಅವನ ಮುಂದಿಟ್ಟಳು.

"ಗಂಟಲಿಗೆ ಸಿಕ್ಕೀತು ಭಾವ, ಕುಡೀರಿ."