ಗಾಡಿಯ ಹಣೆಬರಹ

ಹಾಸನದಲ್ಲಿ ಗಂಡನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಮಾದಿಹಳ್ಳಿಗೆ ಬಂದಿಳಿದ ಮಾರಮ್ಮನಿಗೆ ಮನೆ ಮುಂದಿನ ಹೊಂಗೆ ಮರದ ಕೆಳಗೆ ಗಾಡಿ ಕಾಣಲಿಲ್ಲ. ನೆಲದ ಮೇಲೆ ಆಯಿಲ್ ಸೋರಿದ ಕಲೆಯಿತ್ತು, ನಾಲ್ಕಾರು ತೆಂಗಿನ ಮಟ್ಟೆ ಬಿದ್ದಿದ್ದವು, ಟೈರು ನಿಂತೂ ನಿಂತೂ ಆಗಿದ್ದ ತಗ್ಗುಗಳಿದ್ದವು. ಗಾಡಿ ಮಾತ್ರ ಇರಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಹೆಂಡತಿಯ ಭುಜ ಹಿಡಿದು ನಡೆಯುತ್ತಿದ್ದ ತಮ್ಮಯ್ಯ, "ಗಾಡಿ ನೆರಳಲ್ಲೇ ಐತೇನೇ? ಬಿಸ್ಲಿಗೆ ಸೀಟು ಕಾದ್ರೆ ಬಿರುಕು ಬಿಡ್ತದೆ" ಎಂದ. ಆಸ್ಪತ್ರೆಯಲ್ಲೂ ಅವನದು ಅದೇ ಜಪ. ಡಾಕ್ಟರು ಒಂದು ತಿಂಗಳು ಸ್ಟೇರಿಂಗ್ ಮುಟ್ಟಬೇಡ ಅಂದಿದ್ದಕ್ಕೆ, ಮುಟ್ಟಲ್ಲ ಸ್ವಾಮಿ, ಬರೀ ಒಳಗೆ ಕೂತಿರ್ತೀನಿ ಅಂತ ಹೇಳಿ ನರ್ಸಮ್ಮನನ್ನು ನಗಿಸಿದ್ದ. ಮಾರಮ್ಮ ಅವನನ್ನು ಜಗುಲಿಯ ಮೇಲೆ ಕೂರಿಸಿ, ಊರೆಲ್ಲ ಕೇಳುವ ಹಾಗೆ ಕೂಗಿದಳು.

"ಮಧೂ! ಗಾಡಿನ ಯಾವನೋ ಕದ್ದವ್ನೆ ಕಣ್ಲಾ!"

ಮಗ ಮಧುಕುಮಾರ್ ಹೊರಗೆ ಬಂದ. ಹಳೇಬೀಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು ಅವನು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಅವ್ವನ ಮುಖ ನೋಡದೆ ಹೊಂಗೆ ಮರವನ್ನು ನೋಡುತ್ತಾ ಹೇಳಿದ.

"ಯಾರೂ ಕದ್ದಿಲ್ಲವ್ವ. ನಾನೇ ಮಾರಿ ಕೊಟ್ಟೆ. ದೇವೀರಪ್ಪನವರ ಮಗ ಶರತ್ಚಂದ್ರ ಹೋಮ್‌ಸ್ಟೇ ಮಾಡಿದ್ದಾರಲ್ಲ, ಅವರು ತುಂಬ ದಿನದಿಂದ ಕೇಳ್ತಿದ್ರು. ಈಗ ಇಂಥಾ ಹಳೇ ಪಿಕಪ್‌ಗೆ ಬೆಲೆ ಜಾಸ್ತಿ. ಎಂಜಿನ್ ತೆಗೆದು, ಬಾಗಿಲಲ್ಲಿ ನಿಲ್ಲಿಸಿ, ಹಿಂದೆ ಹೂವಿನ ಗಿಡ ಇಡ್ತಾರಂತೆ. ಗುಜರಿಗೆ ಹೋಗೋದಕ್ಕಿಂತ ಚೆನ್ನಾಗಿರ್ತದೆ ಬಿಡು. ಅಪ್ಪಂಗೂ ಇನ್ನು ಈ ಕಣ್ಣಲ್ಲಿ ಓಡ್ಸೋಕಾಗಲ್ಲ."

ಜಗುಲಿಯ ಮೇಲೆ ಕೂತಿದ್ದ ತಮ್ಮಯ್ಯನ ಕೈ ತೊಡೆಯ ಮೇಲೆ ಗಾಡಿಯ ಗೇರ್ ಹುಡುಕುವ ಹಾಗೆ ಆಡಿತು. ಅದನ್ನು ನೋಡಿದ ಮಾರಮ್ಮನಿಗೆ ಅಂಗಾಲಿನಿಂದ ನೆತ್ತಿವರೆಗೂ ಉರಿದುಹೋಯಿತು. ಅಪ್ಪನ ಕಣ್ಣಿಗೆ ಬಟ್ಟೆ ಕಟ್ಟಿದ ಹೊತ್ತು ನೋಡಿಕೊಂಡು ಅವನ ಗಾಡಿ ಸಾಗಿಸಿದವನು ಕಳ್ಳನಲ್ಲದೆ ಇನ್ನೇನು?

"ಎಂಜಿನ್ ತೆಗ್ದು? ಹೊಟ್ಟೆ ಬಗ್ದು ಜುಟ್ಟಿಗೆ ಮಲ್ಲಿಗೆ ಮುಡಿಸ್ತಾರಾ? ಯಾವತ್ತು ತೆಗೀತಾರಂತೆ?"

"ಇವತ್ತು ಮೆಕಾನಿಕ್ ಬರ್ತಾನೆ ಅಂದಿದ್ರು."

"ಬೈಕ್ ತೆಗಿ" ಎಂದಳು ಮಾರಮ್ಮ.

ಆ ಗಾಡಿ ಟೂ ನಾಟ್ ಸೆವೆನ್ ಅನ್ನೋ ಹಳೇ ಪಿಕಪ್. ಅರಸೀಕೆರೆ ಸೀಮೆಯಲ್ಲಿ ಡ್ರೈವರ್ ಅನ್ನಿಸಿಕೊಂಡವನು ಆ ಹೆಸರು ಕೇಳಿದರೆ ಕೈಲಿದ್ದ ಟೀ ಕೆಳಗಿಡುತ್ತಾನೆ. ಹೊಸ ಪಿಕಪ್‌ಗಳು ಬಂದಿವೆ, ಒಂದು ಬೆರಳಲ್ಲಿ ತಿರುಗುವ ಸ್ಟೇರಿಂಗ್, ತಣ್ಣನೆ ಗಾಳಿ, ಹಾಡು, ಎಲ್ಲ ಇದೆ. ಅದರಲ್ಲಿ ಬಂದವನೂ ಬಾಣಾವರದ ಟೀ ಅಂಗಡಿ ಮುಂದೆ ತಮ್ಮಯ್ಯನ ಗಾಡಿ ಕಂಡರೆ ಇಳಿದು ಬಂದು ಅದರ ಬಾನೆಟ್ ತಟ್ಟಿ, "ಇನ್ನೂ ಓಡ್ತಾವ್ಳಾ ಇವಳು!" ಎನ್ನುತ್ತಿದ್ದ. ಎಷ್ಟು ತೆಂಗಿನಕಾಯಿ ಹೇರಿದರೂ ಅದು ಮುನಿಸಿಕೊಂಡಿದ್ದಿಲ್ಲ. ಹಗರೆಯ ಹಾಲಿನ ಕ್ಯಾನು, ಮಾದಿಹಳ್ಳಿಯ ಭತ್ತ, ಹೆರಿಗೆ ನೋವಿನ ಹೆಂಗಸರು, ಎಲ್ಲ ಅದರಲ್ಲಿ ಹೋಗಿ ಸುಖವಾಗಿ ತಲುಪಿದ್ದರು. ತಮ್ಮಯ್ಯನಿಗೆ ಅದು ಗಾಡಿಯಲ್ಲ, ಜೊತೆ.

ಮೊದಲು ಅದು ದೇವೀರಪ್ಪನವರದ್ದೇ. ಊರಿಗೆ ದೊಡ್ಡ ತೆಂಗಿನ ತೋಟದವರು ಅವರು. ತಮ್ಮಯ್ಯ ಅವರ ಡ್ರೈವರ್. ಮಾರಮ್ಮ ಅವರ ತೋಟದಲ್ಲಿ ಕಾಯಿ ಸುಲಿದು, ಹೇರಿ, ಆ ಹೇರಿನ ಮೇಲೇ ಕೂತು ಅರಸೀಕೆರೆ ಸಂತೆಗೆ ಹೋಗುತ್ತಿದ್ದಳು. ಮಳೆಯಿರಲಿ, ಬಿಸಿಲಿರಲಿ, ಬಸುರಿಯಾಗಿರಲಿ, ಅವಳ ಜಾಗ ಹಿಂದೆ. ಮುಂದಿನ ಸೀಟು ಸಾವ್ಕಾರರದ್ದು. ಸಾವ್ಕಾರರು ಬರದ ದಿನ ಅದು ಖಾಲಿ ಹೋಗುತ್ತಿತ್ತು. ಖಾಲಿ ಸೀಟಿಗೂ ಒಂದು ಜಾತಿಯಿದೆ ಅನ್ನೋದನ್ನು ಮಾರಮ್ಮ ಕಲಿತಿದ್ದು ಆ ಗಾಡಿಯಲ್ಲೇ. ಯಾರೂ ಹತ್ತಬೇಡ ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ, ಹತ್ತು ಅಂತಲೂ ಹೇಳಿರಲಿಲ್ಲ. "ಏಯ್, ಹಿಂದೆ ಹತ್ತು" ಅನ್ನುತ್ತಿದ್ದರು, ಅಷ್ಟೇ.

ದೇವೀರಪ್ಪ ಹೊಸ ಗಾಡಿ ತಂದಾಗ ತಮ್ಮಯ್ಯ ಹಳೆಯದನ್ನು ಕೊಂಡ. ಕೊಂಡ ದಿನ ಎಡಗಡೆಯ ಬಾಗಿಲು ತೆಗೆದು ಹಿಡಿದು, "ಹತ್ತೇ, ಮುಂದೆ" ಎಂದ. ಮಾರಮ್ಮ ಸೆರಗಿನಿಂದ ಸೀಟು ಒರೆಸಿ ಕೂತಳು, ಅರಸೀಕೆರೆ ತಲುಪುವವರೆಗೂ ಅತ್ತಳು. ಅಲ್ಲಿ ಗಾಡಿಯ ಹಣೆಗೆ ಮಾರಮ್ಮ ಅಂತ ಬರಿ ಎಂದಾಗ ಹೆಸರು ಬರೆಯುವವನು, "ಯಾವೂರ ಮಾರಮ್ಮ ಅಂತ ಬರೀಲಣ್ಣ?" ಎಂದು ಕೇಳಿದ. ಮಾರಮ್ಮ ಅಂದರೆ ಊರೂರಿಗೂ ಇರುವ ಗ್ರಾಮದೇವತೆ ತಾನೇ, ಅವನ ತಪ್ಪೇನು.

"ದೇವ್ರಲ್ಲ ಕಣಯ್ಯ, ನಮ್ಮನೆಯೋಳು. ಅಗೋ ಮುಂದೆ ಕೂತವ್ಳಲ್ಲ, ಅವಳ ಹೆಸ್ರು" ಎಂದಿದ್ದ ತಮ್ಮಯ್ಯ. ಆಮೇಲೆ ಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡರು. ಮಧುಕುಮಾರ್, "ಆ ಹೆಸರು ಅಳಿಸಿ ಬುದ್ಧ ಅಂತ ಬರೆಸಪ್ಪ, ನೋಡಿದವ್ರು ತಪ್ಪು ತಿಳ್ಕೋತಾರೆ" ಎಂದ. ತಮ್ಮಯ್ಯ ಸ್ಟೇರಿಂಗ್ ಮುಂದೆ ಒಂದು ಪುಟ್ಟ ಬುದ್ಧನ ಮೂರ್ತಿ ಅಂಟಿಸಿ, "ಬುದ್ಧ ಒಳಗೆ ಕೂತವ್ನೆ. ಹಣೆ ಮ್ಯಾಲೆ ಇವಳೇ ಇರ್ಲಿ" ಎಂದು ಮಾತು ಮುಗಿಸಿದ್ದ.

ಅಂಥ ಗಾಡಿಯನ್ನು ಹೆತ್ತ ಮಗ ಹೂವಿನ ಕುಂಡ ಮಾಡಲು ಕೊಟ್ಟಿದ್ದಾನೆ! ಹಳೇಬೀಡು ದಾಟಿ ಹೋಮ್‌ಸ್ಟೇ ಸಿಗುವವರೆಗೂ ಮಾರಮ್ಮ ಬೈಕಿನ ಹಿಂದೆ ಕೂತು ಮಗನ ಬೆನ್ನಿಗೆ ಒಂದೇ ಸಮ ಬೈದಳು.

ತೆಂಗಿನ ತೋಟದ ಬಾಗಿಲಲ್ಲೇ ಗಾಡಿ ನಿಂತಿತ್ತು. ಹಿಂದೆ ಕೆಂಪು ಹೂವಿನ ಕುಂಡಗಳು. ಚಕ್ರದ ಕೆಳಗೆ ನಿಂಬೆಹಣ್ಣು. ಹಣೆಯ ಮೇಲೆ "ಮಾರಮ್ಮ" ಎಂದಿದ್ದ ಅಕ್ಷರಕ್ಕೆ ಅರಿಸಿನ, ಕುಂಕುಮ ಮೆತ್ತಿ ಚೆಂಡುಹೂವಿನ ಹಾರ ಹಾಕಿದ್ದರು. ಬೇಲೂರು ನೋಡಿಕೊಂಡು ಬಂದಿದ್ದ ಪ್ರವಾಸಿ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ಗಾಡಿಗೆ ಕೈ ಮುಗಿಯುತ್ತಿದ್ದಳು, ಅವಳ ಗಂಡ ಫೋಟೋ ತೆಗೆಯುತ್ತಿದ್ದ. ಪಕ್ಕದಲ್ಲಿ ಶರತ್ಚಂದ್ರ ನಿಂತು, ಇದು ಈ ಭಾಗದ ಡ್ರೈವರ್‌ಗಳನ್ನು ಕಾಯುವ ದೇವತೆ, ಇವಳ ಹೆಸರು ಹೇಳದೆ ಯಾರೂ ಗಾಡಿ ಹೊರಡಿಸುವುದಿಲ್ಲ ಎಂದು ಕಥೆ ಹೊಸೆಯುತ್ತಿದ್ದ. ತೆಂಗಿನ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಮುದುಕ ದೇವೀರಪ್ಪ ಕೂತಿದ್ದರು.

ಶರತ್ಚಂದ್ರ ಮಧುಕುಮಾರನನ್ನು ಕಂಡು, "ಬನ್ನಿ ಸರ್, ಬನ್ನಿ!" ಎಂದ. ಮಾರಮ್ಮನ ಕಡೆ ಕಣ್ಣು ಹಾಯಿಸಿ ಗುರುತು ಹತ್ತದೆ ಮತ್ತೆ ಅವನ ಕಡೆಗೇ ತಿರುಗಿದ. "ಎಂಜಿನ್ ಇನ್ನೂ ತೆಗೆದಿಲ್ಲ ಸರ್. ಬೆಳಿಗ್ಗೆ ಬಂದ ಮೆಕಾನಿಕ್ ಹೆದರಿಬಿಟ್ಟ. ಅಮ್ಮನವರ ಹೆಸರಿರೋ ಗಾಡಿ, ಪೂಜೆ ಮಾಡದೆ ಮುಟ್ಟಲ್ಲ ಅಂದ. ಅದಕ್ಕೆ ಪೂಜಾರಪ್ಪನ್ನ ಕರೆಸಿ ಶಾಂತಿ ಮಾಡಿಸಿದ್ವಿ."

ಮಾರಮ್ಮ ಸೀದಾ ಹೋಗಿ ಹಾರಕ್ಕೆ ಕೈ ಹಾಕಿ ಎಳೆದಳು. ದಾರ ಕಿತ್ತು ಹೂವೆಲ್ಲ ಬಾನೆಟ್ ಮೇಲೆ ಚೆಲ್ಲಿತು. ಕೈ ಮುಗಿಯುತ್ತಿದ್ದ ಹೆಂಗಸು ಅಯ್ಯಯ್ಯೋ ಎಂದು ಹಿಂದೆ ಸರಿದಳು.

"ಏನಮ್ಮಾ ಇದು? ದೇವರದ್ದು ಅದು! ದೋಷ ಬರುತ್ತೆ!" ಶರತ್ಚಂದ್ರ ಅಡ್ಡ ಬಂದ.

"ದೇವ್ರೂ ಇಲ್ಲ ದಿಂಡ್ರೂ ಇಲ್ಲ! ಅದು ನಾನು ಕಣಪ್ಪಾ!" ಎಂದು ಎದೆ ಮುಟ್ಟಿಕೊಂಡು ಗುಡುಗಿದಳು ಮಾರಮ್ಮ. "ಬದುಕಿರೋಳಿಗೆ ಹಾರ ಹಾಕಿ ಶಾಂತಿ ಬೇರೆ ಮಾಡಿಸಿದ್ದೀರಲ್ಲ, ತಿಥಿ ಊಟ ಯಾವಾಗ?"

ದೇವೀರಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದರು. "ಇವಳು ನಮ್ಮ ತಮ್ಮಯ್ಯನ ಹೆಂಡ್ತಿ ಅಲ್ವೇನೋ? ಅಲ್ಲ ಕಣವ್ವಾ, ನಿನ್ನ ಹೆಸ್ರು ಮಾರಮ್ಮನಾ?"

ಆ ಒಂದು ಪ್ರಶ್ನೆಗೆ ಮಾರಮ್ಮ ಸಿಟ್ಟು ಅಳುವಾಗದ ಹಾಗೆ ಹಲ್ಲು ಕಚ್ಚಿಕೊಂಡಳು.

"ಹೌದು ಸಾವ್ಕಾರ್ರೇ. ನಿಮ್ಮ ತೋಟದ ಕಾಯಿ ಸುಲಿದೋಳು, ನಿಮ್ಮ ಹೇರಿನ ಮ್ಯಾಲೆ ಮಳೇಲಿ ನೆನ್ಕಂಡು ಅರಸೀಕೆರೆಗೆ ಹೋದೋಳು. ನನ್ನ ಮದುವೆ ಆದಾಗಿಂದ ನಿಮ್ಮನೆ ಕೆಲ್ಸ ಮಾಡಿದೆ. ಏಯ್ ಅಂದ್ರಿ, ಬಂದೆ. ತಮ್ಮಯ್ಯನ ಹೆಂಡ್ರೇ ಅಂದ್ರಿ, ಬಂದೆ. ಹೆಸ್ರೇನು ಅಂತ ಒಂದಿನ ಕೇಳಿದ್ರಾ? ಅದೇ ಹೆಸ್ರು ಗಾಡಿ ಹಣೆ ಮ್ಯಾಲೆ ಓದಿದ್ದೇ ತಡ ಕೈ ಮುಗ್ದುಬಿಟ್ರಲ್ಲ!"

ದೇವೀರಪ್ಪ ತಲೆ ತಗ್ಗಿಸಿದರು. ಅಷ್ಟು ಹೊತ್ತಿಗೆ ಶರತ್ಚಂದ್ರನಿಗೂ ರೇಗಿತ್ತು. ಅತಿಥಿಗಳ ಮುಂದೆ ಅವನ ಕಥೆ ಮಣ್ಣುಪಾಲಾಗಿತ್ತಲ್ಲ.

"ನನ್ನನ್ನು ಯಾಕಮ್ಮ ಬೈತೀರಿ? ನಾನು ಕೇಳಿದೆ. ಹಣೆ ಮೇಲಿನ ಹೆಸರು ಯಾರದ್ದು ಅಂತ ನಿಮ್ಮ ಮಗನನ್ನೇ ಕೇಳಿದೆ. ಗ್ರಾಮದೇವತೆ ಹೆಸರು ಅಂತ ಸರ್ ಅವರೇ ಹೇಳಿದ್ರು. ಕೇಳಿ ಬೇಕಾದ್ರೆ!"

ಮಾರಮ್ಮ ತಿರುಗಿ ಮಗನನ್ನು ನೋಡಿದಳು. ಮಧುಕುಮಾರ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಿದ್ದ.

"ಹೌದೇನ್ಲಾ?"

"ಅವ್ವ, ಅದು... ಸ್ಕೂಲಲ್ಲಿ ಎಲ್ಲರೂ ಕೇಳ್ತಿದ್ರು. ಒಂದ್ಸಲ ಹಾಗಂದೆ. ಆಮೇಲೆ ಅದೇ ಆಗೋಯ್ತು."

"ಅಡ್ಡಗೋಡೆ ಮ್ಯಾಲೆ ದೀಪ ಇಟ್ಟಂಗೆ ಆಡ್ಬೇಡ! ಹೌದಾ, ಅಲ್ವಾ?"

"ಹೌದು" ಎಂದ.

ಸಾವ್ಕಾರರು ಹೆಸರು ಕೇಳದೆ ಇದ್ದಿದ್ದು ಒಂದು ತೂಕವಾದರೆ, ಹೆಸರು ಗೊತ್ತಿದ್ದ ಮಗ ಅದನ್ನು ಬಚ್ಚಿಟ್ಟಿದ್ದು ಇನ್ನೊಂದು ತೂಕ. ಮಾರಮ್ಮನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಮೇಲೂ ಹೋಯಿತು. ಅಷ್ಟು ಜನರ ಮುಂದೆ ಮೇಷ್ಟ್ರಿಗೆ ಹೊಡೆಯಲಾರದೆ, ಆ ಕೈಯಲ್ಲೇ ಗಾಡಿಯ ಹಿಂಬಾಗಿಲಿನ ಕೊಂಡಿ ತೆಗೆದು ಧಡಾರನೆ ಕೆಳಗೆ ಬಿಟ್ಟಳು.

"ಇಳಿಸು. ಕಂಡೋರ ಕುಂಡ ನಮಗ್ಯಾಕೆ? ಒಂದೂ ಒಡೀದಂಗೆ ಇಳಿಸು. ಅವ್ರ ದುಡ್ಡು ಅವ್ರಿಗೆ ವಾಪಸ್ ಕೊಡು. ಕೊಟ್ಟೋನು ನೀನು, ತಗಂಡು ಬರೋನೂ ನೀನೇ. ಈ ಗಾಡೀಲೇ ತಾನೆ ನಿಮ್ಮಪ್ಪ ನಿಂಗೆ ಡ್ರೈವಿಂಗ್ ಕಲಿಸಿದ್ದು? ಓಡ್ಸು."

"ಮಾತು ಅಂದ್ರೆ ಮಾತು ಸರ್" ಎಂದು ಶರತ್ಚಂದ್ರ ಬೀಗದ ಕೈ ಮುಷ್ಟಿಯಲ್ಲಿ ಬಿಗಿ ಹಿಡಿದ.

"ಕೊಡೋ ಅತ್ಲಾಗೆ" ಎಂದರು ದೇವೀರಪ್ಪ ಕೂತಲ್ಲಿಂದಲೇ. ಅವರ ತಲೆ ಮೇಲೇಳಲಿಲ್ಲ. "ಗಾಡಿ ತಮ್ಮಯ್ಯಂದು. ಅವನನ್ನ ಕೇಳಿದೇನು ನೀನು?"

ದುಡ್ಡು ವಾಪಸ್ ಮಾಡ್ತೀನಿ ಎಂದು ಬೀಗದ ಕೈ ಇಸಕೊಂಡ ಮೇಷ್ಟ್ರು ಇಸ್ತ್ರಿ ಅಂಗಿಗೆ ಕೆಮ್ಮಣ್ಣು ಮೆತ್ತಿಕೊಂಡು ಒಂದೊಂದೇ ಕುಂಡ ಇಳಿಸಿದ. ಬೈಕನ್ನು ಅದೇ ಜಾಗಕ್ಕೆ ಹೇರಿ ಹಗ್ಗ ಕಟ್ಟಿದ. ಮಾರಮ್ಮ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಬುದ್ಧನ ಮೂರ್ತಿಗೂ ಯಾರೋ ಕುಂಕುಮ ಹಚ್ಚಿದ್ದರು, ಅದನ್ನು ಸೆರಗಿನಿಂದ ಒರೆಸಿದಳು. ಗಾಡಿ ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಹೊಗೆ ಬಿಟ್ಟು ಹೊರಟಿತು. ನಿಂಬೆಹಣ್ಣುಗಳು ಚಕ್ರದ ಕೆಳಗೆ ಪಚಪಚ ಅಂದವು.

ದಾರಿಯುದ್ದಕ್ಕೂ ಅವಳು ಮಗನ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಬೈಗುಳ ಆದರೂ ಬರಲಿ ಎಂದು ಮಧುಕುಮಾರ್ ಒಂದೆರಡು ಸಲ ಪಕ್ಕಕ್ಕೆ ನೋಡಿದ. ಅವಳು ಗಾಜಿನಾಚೆಯ ರಸ್ತೆಯನ್ನೇ ನೋಡುತ್ತಿದ್ದಳು.

ಹಳೇಬೀಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಜನ, ಬಸ್ಸು, ಗಾಡಿ ಎಲ್ಲ ಸೇರಿ ದಾರಿ ಕಟ್ಟಿತ್ತು. ನಿಂತ ಗಾಡಿಯ ಹಣೆಯ ಕುಂಕುಮ ನೋಡಿ ಒಬ್ಬ ಮುದುಕಿ ಕೆನ್ನೆ ಬಡಿದುಕೊಂಡಳು. ಹೂವು ಮಾರುವವಳು ಕೂತಲ್ಲೇ ಕೈ ಮುಗಿದಳು. ಗಾಜಿನ ಹಿಂದೆ ಕೂತಿದ್ದ ಮಾರಮ್ಮ, "ಥೂ" ಎಂದು ಮುಖ ಆ ಕಡೆ ತಿರುಗಿಸಿದಳು.

ಮಧುಕುಮಾರ್ ಎಂಜಿನ್ ಆರಿಸಿ ಇಳಿದ. ಸೀಟಿನ ಕೆಳಗಿದ್ದ ನೀರಿನ ಬಾಟಲಿ ತೆಗೆದು ಕರವಸ್ತ್ರ ನೆನೆಸಿ, ಬಂಪರ್ ಮೇಲೆ ಹತ್ತಿ ನಿಂತು ಅರಿಸಿನ ಕುಂಕುಮ ಉಜ್ಜತೊಡಗಿದ. ಬಸ್ಸಿಗೆ ಕಾಯುತ್ತಿದ್ದ ಅವನ ಶಾಲೆಯ ಹೆಣ್ಣುಮಕ್ಕಳು ಬೆರಗಾಗಿ ಹತ್ತಿರ ಬಂದರು. ಹಿಂದಿನ ಬಸ್ಸಿನವನು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ.

"ಸಾರ್, ದೇವ್ರ ಕುಂಕುಮ ಯಾಕೆ ಸಾರ್ ಅಳಿಸ್ತಿದ್ದೀರಾ? ಯಾವೂರ ಮಾರಮ್ಮ ಸಾರ್ ಇದು?"

ಅವನ ಕೈ ನಿಂತಿತು. ಒಳಗೆ ಕೂತಿದ್ದ ಮಾರಮ್ಮ ಮುಖವನ್ನು ಮತ್ತೆ ಗಾಜಿನ ಕಡೆಗೆ ತಿರುಗಿಸಿದಳು.

"ದೇವ್ರಲ್ಲ ಕಣ್ರಮ್ಮ" ಎಂದ ಮಧುಕುಮಾರ್, ಹಾರನ್ ಸದ್ದಿನ ಮೇಲೂ ಕೇಳುವ ಹಾಗೆ. "ನಮ್ಮವ್ವ. ಅಗೋ, ಮುಂದೆ ಕೂತವ್ಳಲ್ಲ, ಅವಳ ಹೆಸ್ರು."

ಹೆಣ್ಣುಮಕ್ಕಳೆಲ್ಲ ಗಾಜಿನೊಳಗೆ ಇಣುಕಿದರು. ಮಾರಮ್ಮನ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಮಗನ ಮೇಲೆ ಹರಿಹಾಯ್ದಳು.

"ಈಗ ಬಂತೇನ್ಲಾ ಬಾಯಿ ನಿಂಗೆ? ಇಷ್ಟು ದಿನ ಎಲ್ಲಿ ಸತ್ತಿತ್ತು? ಹತ್ತು, ಹೊರಡು! ನಿಮ್ಮಪ್ಪ ಗಾಡಿ ಸದ್ದಿಗೆ ಕಿವಿ ಕೊಟ್ಕಂಡು ಜಗಲಿ ಮ್ಯಾಲೆ ಕೂತವ್ನೆ."