ಗೋಣಿಯ ನೆರಳು

“ಮಾಳಿಗಿ ಮ್ಯಾಲಿನ ಗೋಣಿಚೀಲ ಯಾರು ತಗಂಡ್ರಿ?”

ಎರ್ರಮ್ಮ ಮೂಲೆಮೂಲೆ ತಡಕಾಡುತ್ತಿದ್ದಳು. ನಡುಮನೆಯಲ್ಲಿ ಗಂಡ ದೊಡ್ಡಬಸಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಹೆಂಡತಿಯಾದವಳು ಪಕ್ಕದಲ್ಲಿ ಕೂತು ಅಳುವುದು ಬಿಟ್ಟು ಗೋಣಿಚೀಲ ಹುಡುಕುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಮೈ ತೊಳೆದ ನೀರು ಒರಸಾಕ ನಾನೇ ತಂದಿದ್ನೆಕ್ಕಾ,” ಎಂದಳು ಪಕ್ಕದ ಮನೆಯ ದಾಕ್ಷಾಯಣಿ. “ಆಮ್ಯಾಲ ಹೊರಗ ಒಗದ್ವಿ. ಹೆಣದ ನೀರು ಕುಡದದ್ದು ಮನ್ಯಾಗ ಇಟಗೋಬಾರದು. ಈಗ ಅದ್ಯಾಕ ಬೇಕಾತು?”

“ಬಿಸಿಲು ಏರಾಕತ್ತೈತಿ. ಅವರ ಗಿಡ ಸುಟ್ಟು ಹೋಗ್ತಾವ.”

ಮೈದುನ ಚನ್ನಬಸವರಾಜ ಬಾಗಿಲಿನಿಂದಲೇ ಗದರಿದ. “ಅತ್ತಿಗೀ, ನಮ್ಮೂರು ಕುರುಗೋಡಿನ್ಯಾಗ ಕುಣಿ ತೋಡಿ ಕಾಯಾಕತ್ತಾರ. ಗಾಡಿ ಬಂತಂದ್ರ ಎತ್ತೋದೇ. ಸುಮ್ನ ಅಣ್ಣನ ಹತ್ರ ಕುಂದರ್ರಿ.”

ಕೂತಳು. ಆದರೆ ಜೀವ ಮಾಳಿಗೆಯ ಮೇಲೆಯೇ ಇತ್ತು.

*

ಆ ಗಿಡಗಳು ದೊಡ್ಡಬಸಪ್ಪನ ಒಂದೇ ಶೋಕಿ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಜೀನ್ಸ್ ಪ್ಯಾಂಟಿಗೆ ಗುಂಡಿ ಕೂರಿಸುವ ಕೆಲಸ ಮುಗಿಸಿ ಬಂದವನು ಟಾರ್ಚ್ ಹಿಡಿದು ಮಾಳಿಗೆ ಹತ್ತಿದನೆಂದರೆ, ಊಟಕ್ಕೆ ಕರೆದು ಕರೆದು ಎರ್ರಮ್ಮನ ಗಂಟಲು ಒಣಗಬೇಕು. ದಕ್ಷಿಣ ಅಮೆರಿಕದ ಹುಲ್ಲುಗಾವಲಿನ ಕಳ್ಳಿ ಜಾತಿಯದಂತೆ ಅದು. ಹೊಲದ ಬದುವಿನ ಪಾಪಾಸುಕಳ್ಳಿ ಕಂಡವರಿಗೆ ಇದೂ ಕಳ್ಳಿಯೆಂದರೆ ನಗು ಬರಬೇಕು. ಪ್ಯಾಂಟಿನ ಗುಂಡಿಗಿಂತ ತುಸು ಅಗಲ, ಕಂದು ಬಣ್ಣ, ಮೈಗೆ ಅಂಟಿದ ಪುಟ್ಟ ಮುಳ್ಳು. ಯಾರೋ ಕೊಟ್ಟ ಚಿಟಿಕೆ ಬೀಜವನ್ನು ಮರಳು, ಇಟ್ಟಿಗೆ ಪುಡಿ ಬೆರೆಸಿದ ಚಹಾ ಲೋಟಗಳಲ್ಲಿ ಬಿತ್ತಿ, ಹನಿಹನಿ ನೀರು ಕೊಟ್ಟು ಎಬ್ಬಿಸಿದ್ದ.

ಬೇಸಿಗೆಗೆ ಮೊಗ್ಗು ಬರುತ್ತಿತ್ತು, ಅರಳುತ್ತಿರಲಿಲ್ಲ. ಮುಚ್ಚಿದ್ದು ಮುಚ್ಚಿದಂತೆಯೇ ಒಣಗುತ್ತಿತ್ತು. ಬಿಡಿಸಿ ನೋಡಿದರೆ ಒಳಗೆ ಬೀಜ.

“ಅರಳದನ ಬೀಜ ಕಟ್ತೈತಿ ನೋಡು ಎರ್ರಿ,” ಎನ್ನುತ್ತಿದ್ದ. “ಒಂದು ಸಲನಾರ ಹೂವು ನೋಡಬೇಕು.”

ಈಚೆಗೆ ಆ ಮಾತು ನಿಂತಿತ್ತು. ಅದನ್ನು ಅವಳು ಗಮನಿಸಿರಲಿಲ್ಲ.

ಬಿಸಿಲೇರಿದ ಕೂಡಲೇ ಎರ್ರಮ್ಮ ಲೋಟಗಳ ಸುತ್ತ ಇಟ್ಟಿಗೆ ಜೋಡಿಸಿ, ಅದರ ಮೇಲೆ ಗೋಣಿ ಹಾಸಿ ನೆರಳು ಮಾಡುತ್ತಿದ್ದಳು. ಇಳಿಹೊತ್ತಿಗೆ ತೆಗೆಯುತ್ತಿದ್ದಳು. ರಜೆಯ ದಿನ ಅವನು ಮನೆಯಲ್ಲಿದ್ದರೂ ಈ ಕೆಲಸ ತಪ್ಪುತ್ತಿರಲಿಲ್ಲ. ಅವನು ನೋಡಿ ಸುಮ್ಮನಿರುತ್ತಿದ್ದ.

ಈ ಸೀಮೆಯ ಬಿಸಿಲು ಎಂಥದೆಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಹೋದಾಗ, ಕೂಸನ್ನು ಬದುವಿನ ಬೇವಿನ ನೆರಳಲ್ಲಿ ಮಲಗಿಸಿದ್ದಳು. ಗದ್ದೆಯಲ್ಲಿ ಬಗ್ಗಿದವಳಿಗೆ ನೆರಳು ಸರಿದದ್ದು ತಿಳಿಯಲಿಲ್ಲ. ಕೂಸು ಉಳಿಯಲಿಲ್ಲ. ಇನ್ನೊಂದು ಆಗಲೂ ಇಲ್ಲ. ಅಂದಿನಿಂದ ಅವಳು ನೀರಿನ ಕೊಡವನ್ನೂ ಬಿಸಿಲಿಗೆ ಬಿಟ್ಟವಳಲ್ಲ.

*

ಗಾಡಿ ಬಂತೆಂದು ಗಂಡಸರು ಎದ್ದು ಹೊರಗೆ ಹೋದಾಗ ಎರ್ರಮ್ಮ ಒಂದು ಹಳೆಯ ಸೀರೆ ಹಿಡಿದು ಮಾಳಿಗೆ ಹತ್ತಿದಳು. ಸೂರ್ಯ ನೆತ್ತಿಗೆ ಬಂದಿದ್ದ. ಹೊದಿಸಲೆಂದು ಬಗ್ಗಿದವಳು ಹಾಗೆಯೇ ಕುಕ್ಕರಿಸಿದಳು.

ಅರಳಿದ್ದವು. ಒಂದೊಂದು ಲೋಟದಲ್ಲೂ ತೆಳು ಹಳದಿ ಹೂವು, ಕೆಳಗಿನ ಗಿಡವೇ ಕಾಣದಷ್ಟು ದೊಡ್ಡದು.

ಅವಳನ್ನು ಕರೆಯಲು ಹತ್ತಿ ಬಂದವನು ತಿಪ್ಪೇಶ, ದೊಡ್ಡಬಸಪ್ಪನ ಪಕ್ಕದ ಮಷೀನಿನಲ್ಲಿ ಕೆಲಸ ಮಾಡುವವನು. ಹೂವು ಕಂಡು ಬಂದ ಕೆಲಸ ಮರೆತು ನಿಂತ.

“ತಿಪ್ಪೇಶಾ, ಇವಕ್ಕ ಬಿಸಿಲು ಬೇಕಾಗಿತ್ತೇನೋ?”

ಅವನು ನೆಲ ನೋಡಿದ.

“ಹೇಳಪಾ.”

“ಬಸಣ್ಣಗ ಗೊತ್ತಿತ್ತಕ್ಕಾ. ಮಧ್ಯಾಹ್ನದ ಬಿಸಿಲು ಮೈಮ್ಯಾಲ ಬಿದ್ರ ಅಷ್ಟೇ ಅರಳ್ತಾವ ಅಂತ ನಾನೇ ಫೋನಿನ್ಯಾಗ ಓದಿ ಹೇಳಿದ್ದೆ. ಹಂಗಾರ ಗೋಣಿ ಹಾಕಬ್ಯಾಡ ಅಂತ ಅಕ್ಕಗ ಹೇಳು ಅಂದೆ.”

“ಏನಂದ್ರು?”

“ಆಕಿ ಬಿಸಿಲಿಗೆ ಹೆದರಿ ನೆರಳು ಮಾಡ್ತಾಳ, ಬ್ಯಾಡ ಅಂದ್ರ ಕೂಸಿನ ನೆಪ್ಪು ಆಗ್ತೈತಿ ಅಂದ. ಹೂವು ಅರಳದಿದ್ರ ಇರ್ಲಿ ಬಿಡು ಅಂದ.”

ಮುಂಜಾನೆಯಿಂದ ಬಾರದಿದ್ದ ಅಳು ಈಗ ಬಂತು. ಕೂಸಿನ ವಿಷಯಕ್ಕೆ ಅವನು ಒಂದು ದಿನವೂ ಅವಳನ್ನು ಅಂದವನಲ್ಲ. ಅದೇ ದೊಡ್ಡದೆಂದು ತಿಳಿದಿದ್ದಳು. ಗೊತ್ತಿದ್ದೂ ದಿನಾ ಟಾರ್ಚ್ ಹಿಡಿದು ಹತ್ತುತ್ತಿದ್ದನಲ್ಲ, ಮುಚ್ಚಿದ ಮೊಗ್ಗು ನೋಡಿ ಇಳಿಯಲು. ಎರ್ರಮ್ಮ ಆ ಸೀರೆಯನ್ನೇ ಬಾಯಿಗೆ ಒತ್ತಿಕೊಂಡು ಅತ್ತಳು.

ಒಂದು ಲೋಟ ಹಿಡಿದು ಇಳಿದು ಬಂದಾಗ ಚನ್ನಬಸವರಾಜ ಹುಬ್ಬು ಗಂಟಿಕ್ಕಿದ. “ಹೆಣದ ಮುಂದ ಮುಳ್ಳಿನ ಗಿಡ ಯಾಕ ಅತ್ತಿಗೀ?”

“ನಿಮ್ಮಣ್ಣ ನೋಡಬೇಕು ಅಂದಿದ್ರು,” ಎಂದಳು.

ಅವನು ದಾರಿ ಬಿಟ್ಟ.

*

ತೆರೆದ ಗಾಡಿಯಲ್ಲಿ ದೊಡ್ಡಬಸಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಕಟ್ಟಿದ್ದರು. ಎರ್ರಮ್ಮ ಅವನ ಕಾಲ ಬಳಿ ಕೂತಿದ್ದಳು, ಮಡಿಲಲ್ಲಿ ಲೋಟ. ಬಳ್ಳಾರಿ ದಾಟಿ ಬಯಲು ಬಂದಾಗ ಬಿಸಿಲು ಮುಖಕ್ಕೆ ರಾಚಿತು. ಅವಳ ಕೈ ತಾನಾಗಿಯೇ ಸೆರಗು ಎಳೆದು ಲೋಟಕ್ಕೆ ಮರೆ ಹಿಡಿಯಿತು.

ಹೂವಿನ ಮೇಲೆ ನೆರಳು ಬಿದ್ದದ್ದು ಕಂಡು ಬೆಚ್ಚಿದಳು. ಗಂಡನ ಮುಖ ನೋಡಿದಳು. ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ ಎದ್ದು, ಲೋಟವನ್ನು ಅವನ ಮುಚ್ಚಿದ ಕಣ್ಣುಗಳ ಮುಂದೆ ಬಿಸಿಲಿಗೆ ಎತ್ತಿ ಹಿಡಿದಳು. ಕುರುಗೋಡು ಬರುವವರೆಗೂ ಕೈ ಇಳಿಸಲಿಲ್ಲ.